ಹನ್ನೆರಡು ಪದಗಳ ಜಂಟಿ ಉಸ್ತುವಾರಿ

"ಈ ಮನೆಯಿಂದ ಕಳ್ಳ ಒಂದು ಪೈಸೆ ಎತ್ತಬೇಕಾದ್ರೂ ಮೊದಲು ನನ್ನ ರುಜು ತಗೋಬೇಕು, ಹಾಗೆ ಮಾಡಿ ಕೊಡ್ತೀನಿ ನೋಡ್ತಿರು" ಎಂದು ಹೆಂಡತಿಗೆ ಹೇಳಿ, ಲಾಕರ್ ಸಾಹೇಬರು ಅಂಗಿಯ ತೋಳು ಮಡಚಿಕೊಂಡು ಕಂಪ್ಯೂಟರಿನ ಮುಂದೆ ಕೂತರು.

ಸಾಹೇಬರು ಎಂಬುದು ಬೀದಿಯವರು ಇಟ್ಟ ಹೆಸರು. ಬ್ಯಾಂಕಿನಲ್ಲಿ ಅವರದು ಲಾಕರ್ ಕೋಣೆಯ ಉಸ್ತುವಾರಿ. ಅಲ್ಲಿನ ತಿಜೋರಿಗೆ ಎರಡು ಕೀಲಿ. ಒಂದು ಇವರ ಸೊಂಟದಲ್ಲಿ, ಇನ್ನೊಂದು ಕ್ಯಾಷಿಯರಿನ ಸೊಂಟದಲ್ಲಿ. ಇಬ್ಬರೂ ಬಂದು ನಿಂತು ತಿರುಗಿಸಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಒಬ್ಬನಿಗೆ ದುರ್ಬುದ್ಧಿ ಬಂದರೂ ಇನ್ನೊಬ್ಬನಿಗೆ ಅದೇ ಹೊತ್ತಿಗೆ ಬರಲಾರದು ಎಂಬ ನಂಬಿಕೆಯ ಮೇಲೆ ನಿಂತ ಏರ್ಪಾಡು ಇದು. ಸಾಲದ್ದಕ್ಕೆ ಕೀಲಿಗಳ ನಕಲನ್ನು ಬೇರೊಂದು ಶಾಖೆಯಲ್ಲಿ ಇಟ್ಟಿರುತ್ತಾರೆ. ಇದಕ್ಕೆ ಜಂಟಿ ಉಸ್ತುವಾರಿ ಎಂದು ಹೆಸರು. ಲೋಕದ ಸಕಲ ಕಷ್ಟಕ್ಕೂ ಜಂಟಿ ಉಸ್ತುವಾರಿ ಇಲ್ಲದಿರುವುದೇ ಕಾರಣ ಎಂಬುದು ಸಾಹೇಬರ ಸಿದ್ಧಾಂತ.

ಅವತ್ತಿನ ಕೆಲಸ ಹೆಂಡತಿಯದು. ಅವಳು ಉಣ್ಣೆಯಲ್ಲಿ ಪ್ರಾಣಿಗಳನ್ನು ಹೆಣೆಯುತ್ತಿದ್ದಳು. ಒಂದು ಆಮೆಯನ್ನು ಹೆಣೆಯುವ ವಿಧಾನವನ್ನು ಹಂತ ಹಂತವಾಗಿ ಚಿತ್ರ ಬರೆದು ಇಂಟರ್ನೆಟ್ಟಿನಲ್ಲಿ ಮಾರಾಟಕ್ಕೆ ಹಾಕಿದ್ದಳು. ಆ ಆಮೆಯ ಚಿಪ್ಪು ಒಂದು ಆಕಾರಕ್ಕೆ ಬರುವಷ್ಟರಲ್ಲಿ ಅವಳ ಕನ್ನಡಕದ ನಂಬರೇ ಬದಲಾಗಿತ್ತು. ದೂರದೇಶದ ಆಟಿಕೆ ಅಂಗಡಿಯಾಕೆಯೊಬ್ಬಳು ಆ ವಿಧಾನವನ್ನು ಕೊಳ್ಳಲು ಒಪ್ಪಿದ್ದಳು. ಆದರೆ ಆಕೆ ದುಡ್ಡು ಕಳಿಸುವುದು ಕ್ರಿಪ್ಟೊ ಎಂಬ ಇಂಟರ್ನೆಟ್ ನಾಣ್ಯದಲ್ಲಿ ಮಾತ್ರ. ಅದನ್ನು ತೆಗೆದುಕೊಳ್ಳಲು ಬ್ರೌಸರಿಗೆ ಒಂದು ವ್ಯಾಲೆಟ್ ಅಂಟಿಸಿಕೊಳ್ಳಬೇಕು. ಎಕ್ಸ್‌ಟೆನ್ಷನ್ ಎನ್ನುತ್ತಾರಲ್ಲ, ಅದು. ಹೆಂಡತಿಗೆ ಅದು ತನ್ನ ಕೈಯಿಂದ ಗಳಿಸಿದ ಮೊದಲ ದುಡ್ಡು. ಅದಕ್ಕೇ ಅವಳು ಗಂಡನ ಉಪನ್ಯಾಸವನ್ನೂ ಸಹಿಸಿಕೊಂಡು ಪಕ್ಕದಲ್ಲಿ ಕೂತಿದ್ದಳು.

"ನೋಡು, ಮೊದಲನೇ ಪಾಠ. ಹುಡುಕಿದಾಗ ಮೇಲೆ ಬರೋದನ್ನ ಒತ್ತಬಾರದು. ಅದು ಜಾಹೀರಾತು. ಇಲ್ಲಿ ನೋಡು, ಹೆಸರಲ್ಲಿ ಒಂದಕ್ಷರ ಜಾಸ್ತಿ ಇದೆ. ಇವನು ಕಳ್ಳ. ಇವನ ಕೆಳಗಿರೋನು ಇವನ ತಮ್ಮ."

"ಸರಿ."

"ವ್ಯಾಲೆಟ್ ಮಾಡಿದ ಕಂಪನಿಯ ಸ್ವಂತ ವೆಬ್‌ಸೈಟಿಗೆ ಹೋಗಬೇಕು. ಅಲ್ಲಿರೋ ಕೊಂಡಿಯಿಂದಲೇ ಇಳಿಸ್ಕೋಬೇಕು. ಆಮೇಲೆ ತಯಾರಿಸಿದವರ ಹೆಸರು ನೋಡಬೇಕು, ಎಷ್ಟು ಜನ ಬಳಸ್ತಿದ್ದಾರೆ ನೋಡಬೇಕು, ಬೈದು ಬರೆದಿರೋದನ್ನೆಲ್ಲ ಓದಬೇಕು."

"ಎಲ್ಲಾನೂ ಓದ್ತೀರಾ?"

ಸಾಹೇಬರು ಎಲ್ಲವನ್ನೂ ಓದಿದರು. ಅಷ್ಟರಲ್ಲಿ ಹೆಂಡತಿ ಬಟ್ಟೆ ಒಣಹಾಕಿ, ಒಣಗಿದವನ್ನು ಮಡಚಿ ಇಟ್ಟು ಬಂದಳು. ಆದರೂ ನ್ಯಾಯವಾಗಿ ಹೇಳಬೇಕೆಂದರೆ, ಇಲ್ಲಿಯವರೆಗೆ ಸಾಹೇಬರು ಮಾಡಿದ್ದರಲ್ಲಿ ಒಂದು ಕೂದಲೆಳೆಯ ತಪ್ಪೂ ಇರಲಿಲ್ಲ. ತಪ್ಪು ಶುರುವಾದದ್ದು ವ್ಯಾಲೆಟ್ ತನ್ನ ಹನ್ನೆರಡು ಗುಟ್ಟಿನ ಪದಗಳನ್ನು ತೋರಿಸಲು ಸಿದ್ಧವಾದಾಗ.

ಕಂಪ್ಯೂಟರ್ ಕೆಟ್ಟರೂ, ವ್ಯಾಲೆಟ್ ಅಳಿಸಿಹೋದರೂ ಆ ಹನ್ನೆರಡು ಪದಗಳನ್ನು ಅದೇ ಕ್ರಮದಲ್ಲಿ ಹೇಳಿದರೆ ದುಡ್ಡು ಮರಳಿ ಸಿಗುತ್ತದೆ. ಪದ ಮರೆತರೆ ದುಡ್ಡು ಹೋಯಿತು. ಯಾವ ಮ್ಯಾನೇಜರಿನ ಕಾಲು ಹಿಡಿದರೂ ಬರುವುದಿಲ್ಲ. "ಕಾಗದದ ಮೇಲೆ ಬರೆದು ಭದ್ರವಾಗಿಡಿ" ಎಂದು ಪರದೆ ಹೇಳಿತು.

"ಕಾಗದನಾ? ಇವರಿಗೆ ಬ್ಯಾಂಕಿನ ಗಂಧಗಾಳಿ ಇಲ್ಲ" ಎಂದರು ಸಾಹೇಬರು. "ಬರೆದಿದ್ದನ್ನ ಯಾರಾದ್ರೂ ಓದಬಹುದು. ತಲೆಯೊಳಗೆ ಇರೋದನ್ನ ಯಾರು ಓದ್ತಾರೆ? ಮೊದಲ ಆರು ನನ್ನ ತಲೆಗೆ, ಕೊನೆಯ ಆರು ನಿನ್ನ ತಲೆಗೆ. ನನ್ನದು ನಿನಗೆ ಗೊತ್ತಾಗಬಾರದು, ನಿನ್ನದು ನನಗೆ ಗೊತ್ತಾಗಬಾರದು."

"ದುಡ್ಡು ನಂದು ಕಣ್ರೀ."

"ತಿಜೋರಿಯಲ್ಲಿರೋದೂ ನನ್ನದಲ್ಲ. ಆದ್ರೂ ಕೀಲಿ ಹಿಡ್ಕೊಂಡಿಲ್ವಾ? ಆ ಕಡೆ ತಿರುಗು."

ಅವಳು ಗೋಡೆ ನೋಡಿದಳು. ಸಾಹೇಬರು ಪರದೆಯ ಕೆಳಗಿನರ್ಧಕ್ಕೆ ಟವೆಲ್ ಹೊದಿಸಿ ತಮ್ಮ ಆರನ್ನು ಬಾಯಿಪಾಠ ಮಾಡಿದರು. ಆಮೇಲೆ ಟವೆಲ್ ಮೇಲಿನರ್ಧಕ್ಕೆ ಏರಿತು. ಸಾಹೇಬರು ಗೋಡೆ ನೋಡಿದರು, ಅವಳು ತನ್ನ ಆರನ್ನು ಬಾಯಿಪಾಠ ಮಾಡಿದಳು.

"ಇನ್ನು ನಕಲು ಕೀಲಿ ಬೇರೆ ಶಾಖೆಗೆ ಹೋಗಬೇಕು" ಎಂದರು ಸಾಹೇಬರು.

"ನನ್ನದಕ್ಕೆ ನಕಲು ಬೇಡ. ನಿಮ್ಮ ಕಡೆಯವರು ಮದುವೇಲಿ ಆಡಿದ ಮಾತು ಒಂದೊಂದೂ ನೆನಪಿಟ್ಕೊಂಡಿದ್ದೀನಿ. ಆರು ಪದ ಯಾವ ಲೆಕ್ಕ?"

ಸಾಹೇಬರು ಎದ್ದರು. ತಮ್ಮ ಆರು ಪದಗಳನ್ನು ಹಿಡಿದುಕೊಂಡು ಹಿಂದಿನ ಕೋಣೆಗೆ ಹೋದರು. ಅಲ್ಲಿ ಅಮ್ಮ ಇದ್ದರು.

"ಅಮ್ಮಾ, ಒಂದು ಗುಟ್ಟು ಹೇಳ್ತೀನಿ. ಪ್ರಾಣ ಹೋದ್ರೂ ಯಾರಿಗೂ ಹೇಳಬಾರದು."

"ಯಾರದ್ದೋ ಮಗಾ? ಎದುರು ಮನೆಯವರದ್ದಾ?" ಎಂದು ಅಮ್ಮ ಆಸೆಯಿಂದ ಹತ್ತಿರ ಸರಿದರು. ಆರು ಇಂಗ್ಲಿಷ್ ಪದ ಎಂದು ಗೊತ್ತಾದಾಗ ಅವರ ಮುಖ ಇಳಿಯಿತು. ಆದರೂ ಮಗನಲ್ಲವೇ, ಕಲಿತರು.

ಆಮೆಯ ದುಡ್ಡು ಬಂತು. ವ್ಯಾಲೆಟ್ಟಿನಲ್ಲಿ ಅಂಕಿ ಮೂಡಿದ್ದನ್ನು ಹೆಂಡತಿ ಅಡಿಗೆ ಬಿಟ್ಟು ಬಂದು ಬಂದು ನೋಡಿದಳು. ಹೊಲಿಗೆ ಅಂಗಡಿಯ ಪಕ್ಕದ ಸಣ್ಣ ಕೋಣೆಯನ್ನು ಬಾಡಿಗೆಗೆ ಹಿಡಿದು ತನ್ನದೇ ಒಂದು ಅಂಗಡಿ ಇಡಬೇಕು ಎಂಬ ಆಸೆಯನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಸಾಹೇಬರು, "ಎಲ್ಲಾ ಸುರಕ್ಷಿತವಾಗಿದೆ" ಎಂದು ತಾವೇ ದುಡಿದವರಂತೆ ಬೀಗಿದರು.

ಬೀಗಿದವರು ಸುಮ್ಮನೆ ಇರಬಾರದೇ? ಕೆಲವು ದಿನಗಳ ಮೇಲೆ ಒಂದು ರಜೆಯ ಬೆಳಿಗ್ಗೆ ತಪಾಸಣೆಗೆ ಕೂತರು. ಬ್ಯಾಂಕಿನಲ್ಲಿ ತಪಾಸಣೆ ಎಂದರೆ ಏನಾದರೂ ಸಿಗಲೇಬೇಕು. ಸಿಗದಿದ್ದರೆ ತಪಾಸಣೆಯೇ ಸರಿಯಿಲ್ಲ ಎಂದರ್ಥ. ಬ್ರೌಸರಿನ ಮೂಲೆಯಲ್ಲಿ ವ್ಯಾಲೆಟ್ಟಿನ ಕಿತ್ತಳೆ ಬಣ್ಣದ ಚೀಲದ ಗುರುತು ಇರಬೇಕಾದ ಕಡೆ ನೀಲಿ ಚೀಲ ಇತ್ತು. ಸಾಹೇಬರ ಮೀಸೆ ನಿಮಿರಿತು. ಅಸಲಿಯ ವೇಷ ಹಾಕಿಕೊಂಡು ಬರುವ ನಕಲಿಗಳ ಬಗ್ಗೆ ಅವರು ಓದದ ಎಚ್ಚರಿಕೆ ಇರಲಿಲ್ಲ. ನೀಲಿ ಚೀಲದ ಕುತ್ತಿಗೆ ಹಿಡಿದರು. "ತೆಗೆದುಹಾಕಬೇಕೇ?" ಎಂದು ಬ್ರೌಸರ್ ಕೇಳಿತು. ಇಷ್ಟು ಸಂತೋಷದಿಂದ ಅವರು ಯಾವ ಗುಂಡಿಯನ್ನೂ ಒತ್ತಿರಲಿಲ್ಲ.

"ಏನ್ ಮಾಡ್ತಿದ್ದೀರಾ ಬೆಳಿಗ್ಗೆ ಬೆಳಿಗ್ಗೆ?" ಎಂದು ಹೆಂಡತಿ ಬಂದಳು.

"ಕಳ್ಳನ್ನ ಹಿಡಿದೆ. ನಿನ್ನ ವ್ಯಾಲೆಟ್ ಥರಾನೇ ವೇಷ ಹಾಕ್ಕೊಂಡು ಕೂತಿದ್ದ. ಬಣ್ಣದಲ್ಲಿ ಸಿಕ್ಕಿಬಿದ್ದ. ಕಿತ್ತು ಬಿಸಾಕಿದೆ."

"ಹಾಗಾದ್ರೆ ನನ್ನ ನಿಜವಾದ ವ್ಯಾಲೆಟ್ ಎಲ್ಲಿ?"

ಸಾಹೇಬರು ಮೂಲೆ ನೋಡಿದರು. ಮೂಲೆ ಗುಡಿಸಿಟ್ಟಂತೆ ಖಾಲಿ ಇತ್ತು. ಕಂಪನಿಯ ವೆಬ್‌ಸೈಟ್ ತೆರೆದರು. ಅಲ್ಲಿ ದೊಡ್ಡ ಅಕ್ಷರದಲ್ಲಿ, "ನಿಮ್ಮ ವ್ಯಾಲೆಟ್ ಈಗ ಹೊಸ ನೀಲಿ ಬಣ್ಣದಲ್ಲಿ" ಎಂದಿತ್ತು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಹೆಂಡತಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕುರ್ಚಿ ಎಳೆದುಕೊಂಡು ಕೂತಳು. "ಮತ್ತೆ ಹಾಕಿ. ಪದ ಕೇಳುತ್ತಲ್ಲ, ಹೇಳಿ ನಿಮ್ಮ ಆರು."

"ನೀನು ಆ ಕಡೆ ತಿರುಗು."

"ರೀ."

ಒಂದೇ ಅಕ್ಷರ. ಅದರಲ್ಲಿ ಇಡೀ ದಾಂಪತ್ಯದ ಲೆಕ್ಕ ಇತ್ತು. ಸಾಹೇಬರು ಬೇಗ ಬೇಗ ಶುರುಮಾಡಿದರು. "ಲ್ಯಾಡರ್. ಟೊಮೆಟೊ." ಅಲ್ಲಿಗೆ ನಿಂತರು. ಚಾವಣಿ ನೋಡಿದರು. ಫ್ಯಾನ್ ನೋಡಿದರು. "ಟೊಮೆಟೊ ಆದ ಮೇಲೆ... ಪೊಟಾಟೊ ಇರಬೇಕು."

"ಪಲ್ಯ ಮಾಡ್ತಿಲ್ಲ ನಾವು. ನೆನಪು ಮಾಡ್ಕೊಳ್ಳಿ."

"ನೀನು ಹೀಗೆ ನೋಡ್ತಿದ್ರೆ ನನ್ನ ಹೆಸರೂ ಮರೆಯುತ್ತೆ. ಇರು, ಇದಕ್ಕೇ ಅಲ್ವಾ ನಕಲು ಕೀಲಿ ಅನ್ನೋದು? ಅಮ್ಮಾ!"

ಅಮ್ಮ ಮನೆಯಲ್ಲಿರಲಿಲ್ಲ. ಬೆಳಗಿನ ಹೊತ್ತು ಅವರು ಬೀದಿ ಕೊನೆಯ ಪಾರ್ಕಿನಲ್ಲಿ ವಯಸ್ಸಾದವರ ವ್ಯಾಯಾಮದ ಗುಂಪಿಗೆ ಹೋಗುತ್ತಿದ್ದರು. ಗಂಡ ಹೆಂಡತಿ ಚಪ್ಪಲಿ ಅದಲುಬದಲಾದದ್ದನ್ನೂ ನೋಡದೆ ಓಡಿದರು.

ಪಾರ್ಕಿನ ಗೇಟಿನಲ್ಲೇ ಸಾಹೇಬರು ನಿಂತುಬಿಟ್ಟರು. ಹುಲ್ಲಿನ ಮೇಲೆ ಮೂರು ಸಾಲು ಹಿರಿಯರು. ಎದುರಿಗೆ, ಸ್ಕೂಲಿನಿಂದ ನಿವೃತ್ತರಾದರೂ ಗಂಟಲಿನಿಂದ ನಿವೃತ್ತರಾಗದ ಡ್ರಿಲ್ ಮಾಸ್ಟರು.

"ಲ್ಯಾಡರ್" ಎಂದರು ಮಾಸ್ಟರು. ಎಲ್ಲರೂ ಏಣಿ ಹತ್ತುವಂತೆ ಕೈ ಮೇಲೆತ್ತಿದರು. "ಟೊಮೆಟೊ." ಎಲ್ಲರೂ ಮುಷ್ಟಿ ಹಿಸುಕಿದರು. "ಅಂಕಲ್." ಎಲ್ಲರೂ ಬಗ್ಗಿ ನಮಸ್ಕರಿಸಿದರು. "ಅಂಬ್ರೆಲಾ." ತಲೆಯ ಮೇಲೆ ಕೈಗಳು ಅರಳಿದವು. "ಸ್ಪೂನ್." ಮಣಿಕಟ್ಟು ತಿರುಗಿತು. "ಬನಾನಾ. ಸರಿಯಾಗಿ ಬಗ್ಗಿ, ಬನಾನಾ ಅಂದ್ರೆ ಕಡ್ಡಿ ಅಲ್ಲ."

ಮೂರು ಸಾಲು ಹಿರಿಯರು ಪಕ್ಕಕ್ಕೆ ಬಾಗಿದರು. ಅವರ ನಡುವೆ ಅಮ್ಮ ಎಲ್ಲರಿಗಿಂತ ಚೆನ್ನಾಗಿ ಬಾಗಿದ್ದರು.

"ಅಮ್ಮಾ, ಯಾರಿಗೂ ಹೇಳಬೇಡ ಅಂದಿದ್ದೆ" ಎಂದರು ಸಾಹೇಬರು ಅಳುವ ದನಿಯಲ್ಲಿ.

"ಹೇಳಲಿಲ್ಲ ಕಣೋ. ಮರೆತುಹೋಗುತ್ತೆ ಅಂತ ಬಾಯಲ್ಲಿ ಗೊಣಗ್ತಾ ಕೈಯಲ್ಲಿ ಮಾಡ್ಕೊಂಡು ಜ್ಞಾಪಕ ಇಟ್ಕೋತಿದ್ದೆ. ಮಾಸ್ಟರು ನೋಡಿ, ಇದು ಭುಜಕ್ಕೆ ಒಳ್ಳೇದು ಅಂದ್ರು."

ಡ್ರಿಲ್ ಮಾಸ್ಟರು ಹತ್ತಿರ ಬಂದು ಸಾಹೇಬರ ಬೆನ್ನು ತಟ್ಟಿದರು. "ಎಲ್ಲಿಂದ ತಂದ್ರಿ ಸ್ವಾಮಿ ಇದನ್ನ? ನನ್ನ ಹಿಡಿದ ಕುತ್ತಿಗೆ ಬಿಟ್ಟುಹೋಯ್ತು. ಆಚೆ ಬೀದಿ ಪಾರ್ಕಿನವರೂ ಕಲ್ತಿದ್ದಾರೆ. ಕೈಗೆ ಆರು ಆಯ್ತು. ಕಾಲಿಗೆ ಇನ್ನೊಂದಾರು ಇದ್ದಾವಂತೆ, ಅವನ್ನೂ ಕೊಡಿ."

"ಅವು ನನ್ನ ಹತ್ರ ಇದ್ದಾವೆ" ಎಂದಳು ಹೆಂಡತಿ. "ಕೊಡೋದಿಲ್ಲ."

ಮನೆಗೆ ಬಂದು ಅಸಲಿ ವ್ಯಾಲೆಟ್ಟನ್ನು ಕಂಪನಿಯ ಕೊಂಡಿಯಿಂದಲೇ ಮತ್ತೆ ಇಳಿಸಿಕೊಂಡರು. ಮೊದಲು ಪಾರ್ಕಿನ ಆರು, ಆಮೇಲೆ ಹೆಂಡತಿಯ ಆರು. ಗುಂಡಿ ಒತ್ತಿದರು. "ಪದಗಳು ಸರಿಯಿಲ್ಲ" ಎಂದು ಕೆಂಪಕ್ಷರ ಬಂತು. ಮತ್ತೆ ಒಂದೊಂದೇ ಅಕ್ಷರ ನೋಡಿಕೊಂಡು ಬರೆದರು. ಮತ್ತೆ ಕೆಂಪು.

"ಹೋಯ್ತು" ಎಂದಳು ಹೆಂಡತಿ. ದನಿ ತೀರ ಸಣ್ಣದಾಗಿತ್ತು. "ಆ ಬಾಡಿಗೆ ಕೋಣೆ ಮಾಲೀಕರಿಗೆ ನಾಳೆ ಬರ್ತೀನಿ ಅಂದಿದ್ದೆ."

ಸಾಹೇಬರು ಕುರ್ಚಿಯಿಂದ ಎದ್ದರು. ಪರರ ಒಡವೆಯನ್ನು ಇಷ್ಟು ವರ್ಷ ಕಾದು, ತಮ್ಮ ಹೆಂಡತಿಯ ಆಮೆಯನ್ನು ಕಳೆದೆನಲ್ಲ ಎಂದು ಕೈ ಕಟ್ಟಿಕೊಂಡು ನಿಂತರು. ಆ ಹೊತ್ತಿಗೆ ಅಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ನಿಧಾನವಾಗಿ ಬಂದರು.

"ಯಾಕ್ರೋ ಹೀಗೆ ಕೂತಿದ್ದೀರಾ?"

"ನೀನು ಹೇಳಿದ ಪದ ಕೆಲಸ ಮಾಡ್ತಿಲ್ಲಮ್ಮಾ."

"ನಾನೆಲ್ಲಿ ಹೇಳಿದೆ? ಪಾರ್ಕಲ್ಲಿ ಕೇಳಿಸ್ಕೊಂಡು ನೀವೇ ಓಡಿದ್ರಿ. ಅದು ಮಾಸ್ಟರ ಕ್ರಮ. ನೀನು ಹೇಳಿಕೊಟ್ಟಾಗ ಬನಾನಾ ಟೊಮೆಟೊ ಪಕ್ಕದಲ್ಲಿತ್ತು. ಮೊದಮೊದಲೇ ಬಾಗಿದ್ರೆ ಸೊಂಟ ಹಿಡಿಯುತ್ತೆ ಅಂತ ಮಾಸ್ಟರು ಅದನ್ನ ಕೊನೆಗೆ ಹಾಕಿದ್ರು."

ಹೆಂಡತಿ ಬನಾನಾವನ್ನು ಅದರ ಹಳೆಯ ಜಾಗಕ್ಕೆ ತಂದಳು. ಪರದೆ ಒಂದು ಕ್ಷಣ ಉಸಿರು ಬಿಗಿಹಿಡಿಯಿತು. ಆಮೇಲೆ ನೀಲಿ ಚೀಲ ಬಾಯಿ ತೆರೆಯಿತು. ಆಮೆಯ ದುಡ್ಡು ಇದ್ದಲ್ಲೇ ಇತ್ತು. ಹೆಂಡತಿ ಅತ್ತೆಯನ್ನು ಅಪ್ಪಿಕೊಂಡಳು. ಸಾಹೇಬರೂ ಕೈ ಚಾಚಿದರು. ಅವರ ಸರದಿ ಬರಲಿಲ್ಲ.

"ಅರ್ಧ ಕೀಲಿ ಎರಡು ಪಾರ್ಕಿಗೆ ಗೊತ್ತಾಗಿದೆ" ಎಂದಳು ಹೆಂಡತಿ. "ಈಗ ಹೊಸ ವ್ಯಾಲೆಟ್ ಮಾಡಿ ದುಡ್ಡು ಅದಕ್ಕೆ ಕಳಿಸ್ತೀನಿ. ಹನ್ನೆರಡೂ ನಾನೇ ಇಟ್ಕೋತೀನಿ. ಎಲ್ಲಿ, ಹೇಗೆ ಅಂತ ಕೇಳಬೇಡಿ. ಹೊರಗೆ ನಡೀರಿ."

ಸಾಹೇಬರು ಬಾಗಿಲ ಹೊರಗೆ ಬ್ಯಾಂಕಿನ ಕಾವಲುಗಾರನಂತೆ ನಿಂತರು. ಒಳಗಿನ ಕೆಲಸ ಬಹಳ ಬೇಗ ಮುಗಿಯಿತು. ಅದು ಇನ್ನೊಂದು ಅವಮಾನ. ಕೊನೆಗೆ ತಡೆಯಲಾರದೆ ಬಾಗಿಲ ಸಂದಿಯಲ್ಲಿ ಮುಖ ಇಟ್ಟರು.

"ಒಂದಾದ್ರೂ ಕೊಡೇ. ಹನ್ನೆರಡರಲ್ಲಿ ಒಂದೇ ಒಂದು. ಇಷ್ಟು ವರ್ಷ ಕೀಲಿ ಹಿಡಿದವನು ಬರಿಗೈಯಲ್ಲಿ ಮಲಗಲಿ ಅಂತೀಯಾ?"

ಅವಳು ಬಾಗಿಲು ತೆರೆದಳು. ಮನಸ್ಸು ಕರಗಿತೇನೋ, ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. "ಸೋಫಾ."

ಅಂದಿನಿಂದ ಸಾಹೇಬರು ಆ ಪದವನ್ನು ನಾಲಿಗೆಯ ಮೇಲೆ ಸುಳಿಯಗೊಡಲಿಲ್ಲ. ನಡುಮನೆಯಲ್ಲಿದ್ದ ವಸ್ತುವಿಗೆ "ಆ ಉದ್ದನೆಯದು" ಎನ್ನತೊಡಗಿದರು. "ನನ್ನ ಕನ್ನಡಕ ಆ ಉದ್ದನೆಯದರ ಮೇಲಿದ್ಯಾ ನೋಡು" ಎಂದರೆ ಅಮ್ಮ, "ಬಾಯಲ್ಲಿ ಏನೋ ಇಟ್ಕೊಂಡಿದ್ದೀಯಾ?" ಎಂದು ರೇಗಿದರು. ಬ್ಯಾಂಕಿನಲ್ಲಿ ಮ್ಯಾನೇಜರು ತಮ್ಮ ಕೋಣೆಗೆ ಹೊಸದೊಂದನ್ನು ತರಿಸಿ, ಹೇಗಿದೆ ಎಂದು ಕೇಳಿದಾಗ, ಸಾಹೇಬರು ಬೆವತು ಹೊರಗೆ ಬಂದರು.

ಕೊನೆಗೆ ಅದರ ಸ್ಪ್ರಿಂಗ್ ಮುರಿದು ರಿಪೇರಿಯವನು ಬಂದ. ಬಾಗಿಲಲ್ಲೇ ಕೇಳಿದ, "ಏನು ಸಾರ್ ರಿಪೇರಿ?"

"ಕೂತ್ಕೊಳ್ಳೋದು."

"ಕುರ್ಚಿನಾ?"

"ಅಲ್ಲ. ಮೂರು ಜನ ಕೂರೋದು."

"ಸೋಫಾನಾ ಸಾರ್?"

"ನಾನು ಹಾಗಂತ ಹೇಳಲಿಲ್ಲ" ಎಂದು ಸಾಹೇಬರು ಆಚೀಚೆ ನೋಡಿದರು. "ನೀನೇ ಹೇಳಿದ್ದು. ನೆನಪಿರಲಿ."

ರಿಪೇರಿಯವನು ಚೀಲ ಎತ್ತಿಕೊಂಡು ಹೊರಡುವುದರಲ್ಲಿದ್ದ. ಒಳಗಿನಿಂದ ಹೆಂಡತಿ ಉಣ್ಣೆಯ ಉಂಡೆ ಕಂಕುಳಲ್ಲಿಟ್ಟುಕೊಂಡು ಬಂದಳು. ಅವಳು ತನ್ನ ಅಂಗಡಿಗೆ ಹೊರಟಿದ್ದಳು.

"ಸೋಫಾನೇ ಕಣಪ್ಪಾ, ಬಾ ಒಳಗೆ. ರೀ, ನೀವೂ ಬಾಯ್ತುಂಬ ಹೇಳಿ. ಏನೂ ಆಗಲ್ಲ."

"ಮೆಲ್ಲಗೆ ಮಾತಾಡೇ. ಹನ್ನೆರಡರಲ್ಲಿ ಒಂದು ಅದು."

"ಹನ್ನೆರಡೂ ನನ್ನ ಹತ್ರಾನೇ ಇದ್ದಾವೆ" ಎಂದು ಅವಳು ಚಪ್ಪಲಿ ಮೆಟ್ಟಿದಳು. "ನಿಮಗೆ ಕೊಟ್ಟಿದ್ದು ಹದಿಮೂರನೇದು."