ಪಾಕಾಚಾರ್ಯರ ನಿಬಂಧನೆಗಳು

‘ಸಹಾಯಕ’ ಎಂಬ ಪದ ಕಿವಿಗೆ ಬಿದ್ದರೆ ಸಾಕು, ಶ್ರೀಪತಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತಿತ್ತು. ಹೊಸಪೇಟೆಯ ಸರ್ಕಾರಿ ಕಚೇರಿಯೊಂದರಲ್ಲಿ ಆತ ಹನ್ನೆರಡು ವರ್ಷ ದ್ವಿತೀಯ ದರ್ಜೆ ಸಹಾಯಕನಾಗಿದ್ದ. ಆಮೇಲೆ ಬಡ್ತಿ ಬಂದು ಪ್ರಥಮ ದರ್ಜೆ ಸಹಾಯಕನಾಗಿ ಏಳು ವರ್ಷವಾಯಿತು. ದರ್ಜೆ ಬದಲಾಯಿತೇ ಹೊರತು ಹಾಳು ಸಹಾಯಕ ಬೆನ್ನು ಬಿಡಲಿಲ್ಲ. ಸಾಹೇಬರು ಸೊಂಡೂರಿನ ಗುಡ್ಡಕ್ಕೆ ಹೋದರೆ ಕಡತ ಹೊತ್ತು ಹಿಂದೆ ನಡೆಯುವವನು ಅವನೇ, ಫೋಟೋ ತೆಗೆಯುವಾಗ ಪಕ್ಕಕ್ಕೆ ಸರಿಯುವವನೂ ಅವನೇ. (ಒಮ್ಮೆ ಪತ್ರಿಕೆಯಲ್ಲಿ ಅವನ ಎಡ ಮೊಣಕೈ ಅಚ್ಚಾಗಿತ್ತು. ಕತ್ತರಿಸಿ ಇಟ್ಟುಕೊಂಡಿದ್ದಾನೆ.)

ಅಂಥವನಿಗೆ ಏಕಾದಶಿ ಬಿದ್ದ ಒಂದು ಭಾನುವಾರ, ಸ್ವಂತ ಮನೆಯ ಪಡಸಾಲೆಯಲ್ಲಿ, ಸ್ವಂತ ಹೆಂಡತಿಯ ತಮ್ಮನೇ ‘ನೀವು ಸಹಾಯಕನ ಪಾತ್ರ ಮಾಡ್ರಿ’ ಎಂದರೆ ಹೇಗಾಗಬೇಡ?

ಈ ತಮ್ಮ ತಿರುಮಲ ಕುರೆಕುಪ್ಪದ ಹತ್ತಿರ ಅದಿರಿನ ಲಾರಿಗಳನ್ನು ತೂಗುವ ಕೆಲಸದವನು. ಹಂಪಿ ಬಜಾರಿನಲ್ಲಿ ಯಾರೋ ಫಾರಿನ್ನಿನವರು ಬಿಟ್ಟುಹೋದ ದಪ್ಪ ಪುಸ್ತಕವನ್ನೂ ಇಪ್ಪತ್ತು ಮುಖದ ದಾಳವನ್ನೂ ಅಗ್ಗಕ್ಕೆ ಕೊಂಡು ತಂದಿದ್ದ. ಆಟ ಇಷ್ಟೇ: ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಒಂದೊಂದು ಪಾತ್ರ ಕಟ್ಟಿಕೊಂಡು ಅದರೊಳಗೆ ನುಗ್ಗುತ್ತಾರೆ, ಉಳಿದರೋ ಅಳಿದರೋ ಎಂಬುದನ್ನು ದಾಳ ಹೇಳುತ್ತದೆ. ಆ ಮನೆಯಲ್ಲಿ ಏಕಾದಶಿಗೆ ಒಲೆ ಹಚ್ಚುವುದಿಲ್ಲ. ಹೆಂಡತಿ ಶ್ರೀಲಕ್ಷ್ಮಿಗೆ ಹದಿನೈದು ದಿನಕ್ಕೊಮ್ಮೆ ಸಿಗುವ ಬಿಡುವು ಅದೊಂದೇ ಆದ್ದರಿಂದ ಆಟಕ್ಕೂ ಅದೇ ದಿನ ಗೊತ್ತಾಯಿತು. ಕಥೆಯ ಖಳ ಅದಿರಾಸುರ. ಹತ್ತು ಗಾಲಿಯ ಮೇಲೆ ಓಡಾಡುತ್ತ, ಗುಡ್ಡ ನುಂಗಿ, ಊರವರು ಒಣಹಾಕಿದ ಬಟ್ಟೆಗೆಲ್ಲ ಕೆಂಧೂಳು ಕಾರುವ ರಾಕ್ಷಸ.

ಮಗಳು ಅರ್ಚಿತಾ ಬಿಲ್ಲುಗಾತಿಯಾದಳು. ಶ್ರೀಲಕ್ಷ್ಮಿ ಗದೆ ಹಿಡಿದ ವೀರರಾಣಿಯಾದಳು. ಶ್ರೀಪತಿ ತಾನು ಚಕ್ರವರ್ತಿಯೆಂದು ಘೋಷಿಸಿ, ಬೆಳಗಿನಿಂದ ಹಾಳೆಯ ಮೇಲೆ ಮೀಸೆ ತಿದ್ದುತ್ತ ಕೂತಿದ್ದ.

“ಇರೋರು ಮೂರ ಮಂದಿ ಭಾವಾ,” ಎಂದ ತಿರುಮಲ. “ಮೂವರೂ ಹೊಡದಾಡ್ಲಿಕ್ಕೆ ನಿಂತ್ರ, ಪೆಟ್ಟು ಬಿದ್ದವ್ರನ್ನ ನೋಡೋರು ಯಾರು?”

“ನಿಮ್ಮಕ್ಕನ್ನ ಕೇಳು. ಅಕಿಗೆ ರೂಢಿ ಅದ.”

ಶ್ರೀಲಕ್ಷ್ಮಿ ಗದೆಯ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದವಳು ತಲೆಯೆತ್ತಲಿಲ್ಲ. “ರೂಢಿ ಅದ ಅಂತನ ಬ್ಯಾಡ ಅಂದೆ,” ಎಂದಳು.

ಮೂರು ಮತ ಒಂದು ಕಡೆ ಬಿದ್ದವು. ಚಕ್ರವರ್ತಿಯ ಮೀಸೆ ವ್ಯರ್ಥವಾಯಿತು. ಅವಮಾನದಿಂದ ಶ್ರೀಪತಿಯ ಕಣ್ಣು ಕೆಂಪಾದವು. ಆಗಲಿ, ಸಹಾಯಕನೆಂದರೆ ಏನೆಂದು ಈ ಮಂದಿಗೆ ಒಮ್ಮೆ ತೋರಿಸಿಯೇ ಬಿಡುತ್ತೇನೆ ಎಂದುಕೊಂಡು ಕಚೇರಿಯ ಉದ್ದ ಹಾಳೆ ಎಳೆದುಕೊಂಡ. ಒಂದು ತಾಸಿನಲ್ಲಿ ಪಾಕಾಚಾರ್ಯರು ಹುಟ್ಟಿದರು. ಅವರ ಒಂದು ಸೌಟು ಸಾರಿಗೆ ಎಂಥ ಗಾಯವೂ ಮಾಯಬೇಕು. ಆದರೆ ಕೇಳುವವರು ಬಹುವಚನದಲ್ಲಿ, ‘ದಯವಿಟ್ಟು’ ಎಂದು ಕೇಳಬೇಕು. ‘ಜಲ್ದಿ’ ಎಂದವರ ಸರದಿ ರದ್ದು. ಉಂಡವರು ಬಾಯಿಬಿಟ್ಟು ಹೊಗಳತಕ್ಕದ್ದು, ಇಲ್ಲವಾದರೆ ಗಾಯ ಮಾಯದು. ಉಪ್ಪು ಕಡಿಮೆ ಎಂದವರಿಗೆ ಅಂದು ಮುಂದಿನ ಸೌಟಿಲ್ಲ. ಉಂಡವರೇ ಪಾತ್ರೆ ತೊಳೆಯತಕ್ಕದ್ದು. ಹತ್ತೊಂಬತ್ತು ವರ್ಷದ ಸಿಟ್ಟೆಲ್ಲ ಹಾಳೆಯ ಮೇಲೆ ಇಳಿಯಿತು. ಕೊನೆಗೆ ಕೈ ತಡೆಯದೆ, ‘ಸದರಿ ನಿಬಂಧನೆಗಳು ಸಹಾಯ ಮಾಡುವ ಎಲ್ಲರಿಗೂ ಎಲ್ಲ ಕಾಲಕ್ಕೂ ಅನ್ವಯಿಸತಕ್ಕದ್ದು’ ಎಂದು ಸೇರಿಸಿ, ತಾನು ರುಜು ಹಾಕಿ, ಉಳಿದವರಿಂದಲೂ ಹಾಕಿಸಿದ.

ಯುದ್ಧ ಸೊಂಡೂರಿನ ಗುಡ್ಡದಲ್ಲಿ ನಡೆಯಿತು. ವೀರರಾಣಿ ಅದಿರಾಸುರನ ಆರು ಗಾಲಿ ಕಿತ್ತಳು. ಏಳನೆಯದಕ್ಕೆ ಪೆಟ್ಟು ತಿಂದು ಬಿದ್ದಳು.

“ಸಾರು ತರ್ರಿ, ಜಲ್ದಿ,” ಎಂದಳು ಶ್ರೀಲಕ್ಷ್ಮಿ.

ಶ್ರೀಪತಿ ಹಾಳೆಯ ಮೇಲೆ ಬೆರಳಿಟ್ಟು ಎರಡನೆಯ ನಿಬಂಧನೆ ಓದಿದ. ಸರದಿ ರದ್ದಾಯಿತು, ವೀರರಾಣಿ ಸತ್ತಳು. ಬಿಲ್ಲುಗಾತಿ ಒಂದು ಸೌಟು ಕುಡಿದು ಹೊಗಳಲು ಮರೆತು ಸತ್ತಳು. ಕೊನೆಗೆ ರಣರಂಗದಲ್ಲಿ ಸಾರಿನ ಕೊಳಗದೊಂದಿಗೆ ಒಬ್ಬರೇ ಉಳಿದ ಪಾಕಾಚಾರ್ಯರನ್ನು ಅದಿರಾಸುರ ಎತ್ತಿ ಅದಿರಿನ ಜೊತೆ ಲಾರಿಗೆ ತುಂಬಿ ಬಂದರಿಗೆ ಕಳಿಸಿದ. ಆದರೂ ಶ್ರೀಪತಿಗೆ ಗೆದ್ದಷ್ಟೇ ಸಂತೋಷವಾಯಿತು. ಜೀವಮಾನದಲ್ಲಿ ಮೊದಲ ಸಲ ಅವನ ನಿಯಮಕ್ಕೆ ಮೂವರು ಕಾದಿದ್ದರು. ಶ್ರೀಲಕ್ಷ್ಮಿ ಜಗಳವಾಡಲಿಲ್ಲ. ಆ ಹಾಳೆಯನ್ನು ಒಮ್ಮೆ ಕೊಡಿರೆಂದು ಕೇಳಿ, ಪೂರ್ತಿ ಓದಿ, ಮಡಚಿ ಇಟ್ಟುಕೊಂಡಳು.

ಮರುದಿನ ದ್ವಾದಶಿ. ನಿನ್ನೆಯಿಂದ ಖಾಲಿ ಇದ್ದ ಹೊಟ್ಟೆ ಕವಕವ ಎನ್ನುತ್ತಿತ್ತು. ಉಪವಾಸ ಬಿಡುವ ಪಾರಣೆಯ ಹೊತ್ತಿಗೆ ಸರಿಯಾಗಿ ಶ್ರೀಪತಿ ಸ್ನಾನ ಸಂಧ್ಯಾವಂದನೆ ಮುಗಿಸಿ, ಮುದ್ರೆ ಹಚ್ಚಿಕೊಂಡು ಎಲೆಯ ಮುಂದೆ ಕೂತ. ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಚಟ್ನಿಯ ಘಮ ಮೂಗಿಗೆ ಬಂತು. ನಾಲ್ಕು ಗಂಟೆಗೇ ಎದ್ದು, ಮಡಿಯುಟ್ಟು, ಎಲ್ಲವನ್ನೂ ಮಾಡಿಟ್ಟ ಶ್ರೀಲಕ್ಷ್ಮಿ ಮಣೆಯ ಮೇಲೆ ಆರಾಮಾಗಿ ಕೂತಿದ್ದಳು.

“ಜಲ್ದಿ ಬಡಸು, ಹೊತ್ತು ಮೀರ್ತದ,” ಎಂದ.

“ನಿಮ್ಮ ಸರದಿ ರದ್ದಾತು,” ಎಂದಳು ಶ್ರೀಲಕ್ಷ್ಮಿ. ಉದ್ದ ಹಾಳೆ ಅವಳ ಪಕ್ಕದಲ್ಲಿ ಬಿಚ್ಚಿಕೊಂಡಿತ್ತು.

ಅರ್ಚಿತಾ ‘ದಯವಿಟ್ಟು’ ಎಂದಳು, ಅವಳಿಗೆ ಬಿತ್ತು. ತಿರುಮಲನಿಗೂ ಬಿತ್ತು. ಅವರು ಎರಡನೆಯ ಸಲ ಹಾಕಿಸಿಕೊಳ್ಳುವಾಗ ಶ್ರೀಪತಿಯ ಮಾನ ಹೊಟ್ಟೆಯ ಮುಂದೆ ಸೋತಿತು. ಹಲ್ಲು ಕಚ್ಚಿಕೊಂಡು, ಬಹುವಚನದಲ್ಲಿ, ‘ದಯವಿಟ್ಟು ಬಡಸ್ರಿ’ ಎಂದ. ಅನ್ನ ಬಿತ್ತು, ತೊವ್ವೆ ಬಿತ್ತು. ಒಂದು ತುತ್ತು ಬಾಯಿಗಿಟ್ಟ. ಉಪ್ಪೇ ಇರಲಿಲ್ಲ.

ಮೂವರೂ ಅವನ ಬಾಯಿಯನ್ನೇ ನೋಡುತ್ತಿದ್ದರು.

“ಭಾಳ ರುಚಿ ಆಗೇದ,” ಎಂದ ಶ್ರೀಪತಿ.

ಊಟ ಮುಗಿದು ಅರ್ಚಿತಾ, ತಿರುಮಲ ತಮ್ಮ ತಮ್ಮ ಪಾಲು ತೊಳೆದಿಟ್ಟರು. ಅವನ ಪಾಲಿಗೆ ಪಾಯಸ ಹತ್ತಿದ ದೊಡ್ಡ ಕೊಳಗ ಉಳಿಯಿತು. ಅದನ್ನು ಕಂಡದ್ದೇ ಅವನ ಸಿಟ್ಟು ಕಟ್ಟೆ ಒಡೆಯಿತು.

“ಈ ನಿಯಮ ಬರದವನು ನಾನು. ಸಹಾಯಕ ಅಂದ್ರ ನಾನು. ಪ್ರಥಮ ದರ್ಜೆ ಸಹಾಯಕ!”

ಹತ್ತೊಂಬತ್ತು ವರ್ಷದಿಂದ ಹೇಳಲು ನಾಚುತ್ತಿದ್ದ ಮಾತನ್ನು ಎದೆ ತಟ್ಟಿಕೊಂಡು ಹೇಳಿದ ಮೇಲೆಯೇ ಏನು ಹೇಳಿದೆನೆಂಬುದು ಅವನಿಗೆ ತಿಳಿಯಿತು.

“ಅದು ಕಚೇರಿಯೊಳಗರಿ,” ಎಂದಳು ಶ್ರೀಲಕ್ಷ್ಮಿ. “ಇಲ್ಲೆ ನೀವು ಉಂಡವ್ರು.”

ಶ್ರೀಪತಿ ನಲ್ಲಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕೊಳಗ ಉಜ್ಜತೊಡಗಿದ. ಕಚೇರಿಯಲ್ಲಿ ತನಗೆ ಯಾರೊಬ್ಬರೂ ‘ದಯವಿಟ್ಟು’ ಎಂದಿಲ್ಲವೆಂಬುದು ಅವನ ಹಳೆಯ ಉರಿ. ತಾನು ಮನೆಯಲ್ಲಿ ಆ ಪದ ಆಡಿದ್ದು ಇವತ್ತೇ ಮೊದಲು ಎಂಬುದೂ ತಲೆಗೆ ಬಂತು, ಆದರೆ ಅದನ್ನು ಒಪ್ಪಿಕೊಳ್ಳುವ ಗಂಡಸು ಅವನಲ್ಲ. ಒಳಗೆ ತಿರುಮಲ ಮುಂದಿನ ಏಕಾದಶಿಗೆ ಸಹಾಯಕ ಯಾರೆಂದು ಕೇಳುತ್ತಿದ್ದ.

“ನಿಮ್ಮ ಭಾವನ ಇರ್ಲಿ,” ಎಂದು ಹೆಂಡತಿ ಹೇಳುವುದು ಕೇಳಿಸಿತು. “ಈಗೀಗ ಕೈ ಕುದರ್ಲಿಕ್ಕತ್ತದ.”