ಹುಮನಾಬಾದಿನ ಬಿಸಿನೀರು, ಬಸವಕಲ್ಯಾಣದ ಬಿಸಿನೀರು

ನನಗೆ ಮೋಸ ಮಾಡುವವರು ಇನ್ನೂ ಹುಟ್ಟಿಲ್ಲ. ತರಕಾರಿ ಕೊಳ್ಳುವಾಗ ತಕ್ಕಡಿಯನ್ನೇ ಎತ್ತಿ ಕೆಳಗೆ ನೋಡುವ ಮನುಷ್ಯ ನಾನು! ಹೀಗಿರುವಾಗ ಹುಮನಾಬಾದಿನಲ್ಲಿರುವ ನನ್ನ ಹೆಂಡತಿಯ ತಮ್ಮ ಬಸು, ಸ್ನಾನದ ನೀರು ಕಾಯಿಸುವ ತನ್ನ ಹೀಟ್ ಪಂಪ್ ಮಷಿನ್ನಿನ ನೀರು ನಮ್ಮದಕ್ಕಿಂತ ಬಿಸಿ ಎಂದರೆ ನಂಬುತ್ತೇನೆಯೇ?

ಅವನದು ಬೋರ್‌ವೆಲ್ ನೀರಿನಿಂದ ಶಾಖ ಹೀರುವ ಜಾತಿ. ಬಸವಕಲ್ಯಾಣದ ನಮ್ಮ ಮನೆಯದು ಗಾಳಿಯಿಂದ ಹೀರುವುದು. ಯಾವುದು ಮೇಲು ಎಂಬುದು ಬರೀ ಚರ್ಚೆಯಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಆದರೆ ನಮ್ಮಲ್ಲೇ ಇರುವ, ಮೊಣಕಾಲು ನೋವಿನ ನಮ್ಮ ಅತ್ತೆ, ಅಂದರೆ ಬಸುವಿನ ತಾಯಿ, "ಯಾರ ಮನ್ಯಾಗ ನೀರು ಸುಡುಸುಡು ಇರ್ತದೋ, ಥಂಡಿ ಮುಗಿಯೋತನ ನಾ ಅಲ್ಲೇ ಇರ್ತೀನಿ" ಎಂದು ಘೋಷಿಸಿದ್ದರು. ಅತ್ತೆ ಹೋಗಕೂಡದು! ಈ ಮನೆಯಲ್ಲಿ ನನ್ನ ಪರವಾಗಿ ಮಾತಾಡುವ ಏಕೈಕ ಜೀವ ಅವರೇ.

ಸತ್ಯಶೋಧನೆಗಾಗಿ, ಜ್ವರ ನೋಡುವ ಥರ್ಮಾಮೀಟರನ್ನು ಜೇಬಿನಲ್ಲಿಟ್ಟುಕೊಂಡು ಹುಮನಾಬಾದಿಗೆ ಹೋದೆ. ಬಚ್ಚಲಿಗೆ ನುಗ್ಗಿ ಬಿಸಿನೀರಿನ ಬಕೆಟ್ಟಿನಲ್ಲಿ ಅದ್ದಿದೆ. ಅದು ಕುಂಯ್ ಎಂದು ಪ್ರಾಣ ಬಿಟ್ಟಿತು! ಮಷಿನ್ನಿನ ನೀರು ಇಷ್ಟು ಸುಡುವುದುಂಟೇ? ಗ್ಯಾಸಿನ ಮೇಲೆ ಕಾಯಿಸಿ ಬೆರೆಸಿದ್ದಾನೆ, ಕಳ್ಳ!

ಮರಳುವಾಗ ಬಸ್ಸಿನಲ್ಲಿ ಸಂಶಯ ಇನ್ನಷ್ಟು ಬಲಿಯಿತು. ನಾಳೆ ನಮ್ಮ ಮನೆಯಲ್ಲಿ ಅತ್ತೆಯ ಸ್ನಾನದ ಪರೀಕ್ಷೆ. ಬಸುವೂ ಬರುತ್ತಾನೆ. ನಮ್ಮ ಮಷಿನ್ನಿಗೇ ಕೈ ಹಾಕಿದರೆ? ಮನೆ ಮುಟ್ಟಿದವನೇ ಹಿತ್ತಲಿನ ಮಷಿನ್ನಿಗೆ ಸುತ್ತಲೂ, ಮೇಲೆ ಕೆಳಗೆ ತಗಡು ಹೊಡೆಸಿ, ಬಾಗಿಲಿಗೆ ಕೀಲಿ ಜಡಿದೆ. ಸಂದಿಗಳಿಗೆ ಗೋಣಿಚೀಲ ತುರುಕತೊಡಗಿದೆ.

"ಏನ್ ಮಾಡಾಕತ್ತೀರಿ? ಉಸಿರಾಡ್ಲಿಕ್ಕಾದ್ರೂ ಒಂದು ಸಂದಿ ಬಿಡ್ರಿ ಅದಕ್ಕ!" ಎಂದಳು ಹೆಂಡತಿ.

"ನಿನ್ನ ತಮ್ಮನ ಕೈ ಸಣ್ಣದದ. ಸಂದಿಯಾಗೂ ಹೋಗ್ತದ!"

ಮರುದಿನ ಬಸು ಬಂದ. ಅವನನ್ನು ಪಡಸಾಲೆಯಲ್ಲಿ ಕೂಡಿಸಿ, ಚಹಾ ಕೊಟ್ಟು, ಎದುರಿಗೇ ಕಾವಲು ಕುಳಿತೆ. ಅಷ್ಟರಲ್ಲಿ ಬಚ್ಚಲಿನಿಂದ ಅತ್ತೆಯ ಚೀತ್ಕಾರ!

"ಅಯ್ಯಯ್ಯೋ ಸತ್ನೆಪ್ಪೋ! ನೀರು ಬರ್ಫ್ ಆಗ್ಯದ!"

ನಾನು ಬಸುವಿನ ಕೈ ಹಿಡಿದೆ. "ಏನ್ ಮಾಡಿದಿ, ಖರೇ ಹೇಳು!"

"ಮಾಮಾ, ನಾ ಇಲ್ಲೇ ನಿಮ್ಮ ಮುಂದ ಚಾ ಕುಡ್ಯಾಕತ್ತೇನಿ!"

ಓಡಿಹೋಗಿ ಕೀಲಿ ತೆಗೆದೆ. ಕೊರೆಯುವ ಗಾಳಿ ಮುಖಕ್ಕೆ ರಪ್ಪೆಂದು ಬಡಿಯಿತು. ಮಷಿನ್ನಿನ ಮೈಮೇಲೆಲ್ಲ ಬಿಳಿ ಹಿಮ!

ಬಸು ಇಣುಕಿ ನೋಡಿದ. "ಗಾಳಿಯಾಗಿನ ಬಿಸಿ ಎಳಕೊಳ್ಳೋ ಮಷಿನ್ ಇದು. ನೀವು ಗಾಳೀನೇ ಬರದಂಗ ಮುಚ್ಚೀರಿ. ತಾ ಬಿಟ್ಟ ತಣ್ಣನ ಗಾಳೀನೇ ತಿರುಗಿ ತಿರುಗಿ ಎಳಕೊಂಡದ, ಪಾಪ. ಬಯಲಾಗ ಇಟ್ಟಿದ್ರ ನಿಮ್ಮ ನೀರೂ ಸುಡತಿತ್ತು."

ಪಾಪವಂತೆ! ಈ ಕನಿಕರದ ಮೇಲೂ ನನಗೆ ಸಂಶಯವಿತ್ತು. ಆದರೆ ಅತ್ತೆ ಆಗಲೇ ಶಾಲು ಹೊದ್ದು, ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಹೊರಟಿದ್ದರು. ನಾವೆಲ್ಲ ಹಿಂದೆಯೇ ಓಡಿದೆವು.

"ಅತ್ತಿ, ಒಂದು ದಿನ ತಡೀರಿ. ತಗಡೆಲ್ಲ ಕೀಳಸ್ತೀನಿ!" ಎಂದು ಅಂಗಲಾಚಿದೆ.

ಅತ್ತೆ ನಡುಗುತ್ತಲೇ ಬಸ್ ಹತ್ತಿ, ಕಿಟಕಿಯಿಂದ ಮುಖ ಹೊರಹಾಕಿದರು. "ಅಳಿಯಂದ್ರ, ನಮ್ಮ ಅಳಿಯ ಭಾಳ ಶಾಣ್ಯಾ ಅದಾನ ಅಂತ ಇಷ್ಟು ದಿನ ಎಲ್ಲಾರ ಕೂಡ ನಾ ಜಗಳಾಡ್ದೆ. ಇನ್ನ ಮ್ಯಾಲ ನೀವೇ ಆಡ್ರಿ."

ಅತ್ತೆ, ಬಸು ಇಬ್ಬರನ್ನೂ ಹೊತ್ತು ಬಸ್ಸು ಹೊರಟಿತು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನನ್ನತ್ತ ತಿರುಗಿದಳು. ನನ್ನ ಪರವಾಗಿ ಹೇಳಲು ನನಗೂ ಏನೂ ತೋಚಲಿಲ್ಲ!