ನಾಯಿಗೊಬ್ಬ ಮಾಲಕ ಬೇಕು

ನಾನು ಮಾಡಿದ ತಪ್ಪುಗಳನ್ನು ನನ್ನ ಹೆಂಡತಿ ಗಂಗಾಬಾಯಿ ಬೆರಳು ಮಡಿಚಿ ಎಣಿಸುತ್ತಾಳೆ. ಎರಡು ಕೈಯ ಬೆರಳೂ ಮುಗಿದರೆ ಪಕ್ಕದ ಮನೆಯವರನ್ನು ಕೂಗಿ ಕರೆಯುತ್ತಾಳೆ. ಅವುಗಳಲ್ಲೆಲ್ಲ ದೊಡ್ಡದು ಯಾವುದೆಂದು ನನ್ನನ್ನು ಕೇಳಿದರೆ ಸಂಕೋಚವಿಲ್ಲದೆ ಹೇಳುತ್ತೇನೆ: ಒಮ್ಮೆ ನಾನು ಕಾಯಿದೆ ಬರೆದೆ. ಕಾಯಿದೆ ಬರೆಯುವವರು ದೂರದ ಊರಿನಲ್ಲಿ, ಕಾವಲುಗಾರರಿರುವ ಕಟ್ಟಡದಲ್ಲಿ ಕೂತು ಬರೆಯುವುದಕ್ಕೆ ಕಾರಣವಿದೆ. ಅದನ್ನು ಪಾಲಿಸಬೇಕಾದವರು ಸಂಜೆ ಕಟ್ಟೆಯ ಮೇಲೆ ಅವರ ಕೈಗೆ ಸಿಗಬಾರದು. ನನಗೆ ಆ ಅನುಕೂಲವಿರಲಿಲ್ಲ. ನಾನು ಯಾರ ಮೇಲೆ ಕಾಯಿದೆ ಬರೆದೆನೋ ಅದು ನನ್ನ ಮನೆಯ ಬಾಗಿಲಲ್ಲೇ ಮಲಗಿ ಬಾಲ ಅಲ್ಲಾಡಿಸುತ್ತಿತ್ತು.

ನಿಜಾಮರ ಆಳ್ವಿಕೆ ಮುಗಿದ ಮರುವರ್ಷದ ಮಾತು. ಹುಮನಾಬಾದಿನ ಒಂದು ಸಣ್ಣ ಕಚೇರಿಯಲ್ಲಿ ನಾನು ಕಾರಕೂನ. ಅಲ್ಲಿಯವರೆಗೆ ಉರ್ದುವಿನಲ್ಲಿ ಬಲದಿಂದ ಎಡಕ್ಕೆ ಬರೆಯುತ್ತಿದ್ದವನು ಕನ್ನಡದಲ್ಲಿ ಎಡದಿಂದ ಬಲಕ್ಕೆ ಬರೆಯಬೇಕಾಗಿ ಬಂದು, ಕೆಲವು ದಿನ ಎರಡೂ ಕಡೆಯಿಂದ ಹೊರಟು ಹಾಳೆಯ ನಡುವೆ ನನಗೆ ನಾನೇ ಡಿಕ್ಕಿ ಹೊಡೆಯುತ್ತಿದ್ದೆ. ಹಳೆಯ ನೌಕರರಲ್ಲಿ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂಬ ತಪಾಸಣೆ ನಡೆದಿತ್ತು. ನನ್ನ ಹೆಸರಿನ ಮುಂದೆ ‘ಹಂಗಾಮಿ’ ಎಂಬ ಮಾತು ಕೂತಿತ್ತು. ಅದನ್ನು ಅಳಿಸುವುದು ಬಿಡುವುದು ಧಾರವಾಡದ ಕಡೆಯಿಂದ ಹೊಸದಾಗಿ ಬಂದಿದ್ದ ಸಾಹೇಬರ ಕೈಯಲ್ಲಿತ್ತು. ಅವರು ಕೆಮ್ಮಿದರೆ ನನಗೆ ನೆಗಡಿಯಾಗುತ್ತಿದ್ದ ಕಾಲ.

ಇಂಥ ಸಾಹೇಬರು ಒಂದು ಸಂಜೆ ವಾಯುಸೇವನೆಗೆ ಹೋದಾಗ ನಾಯಿಯೊಂದು ಅವರ ಪ್ಯಾಂಟಿನ ಹಿಂಭಾಗಕ್ಕೆ ಬಾಯಿ ಹಾಕಿತು. ಮೈಗೆ ಹಲ್ಲು ತಾಗಲಿಲ್ಲ, ಬಟ್ಟೆ ಮಾತ್ರ ಅಂಗೈಯಗಲ ಹರಿದು ನಾಯಿಯ ಪಾಲಾಯಿತು. ಸಾಹೇಬರು ನಾಯಿಯ ಮುಖ ನೋಡಲಿಲ್ಲ. ಓಡುವವರಿಗೆ ಅಷ್ಟು ಪುರಸೊತ್ತು ಇರುವುದಿಲ್ಲ. ಎದುರಿಗೆ ಸಿಕ್ಕರೆ ಮಾತಾಡಬೇಕಾಗುತ್ತದೆಂದು ಬೇವಿನ ಮರದ ಮರೆಯಲ್ಲಿ ನಿಂತಿದ್ದ ನಾನು ನೋಡಿದೆ. ಹಳದಿ ಮೈ, ಮುರಿದ ಎಡಗಿವಿ. ಅದು ನಮ್ಮ ಓಣಿಯ ನಾಯಿ. ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಆದರೆ ಒಬ್ಬನೇ ಕೋಣೆಯಲ್ಲಿ ಕೂತು ನಕ್ಕಿದ್ದು ನಿಜ.

ಮರುದಿನ ನಗು ಇಳಿಯಿತು. ಸಾಹೇಬರು ಬೇರೆ ಪ್ಯಾಂಟು ಹಾಕಿಕೊಂಡು ಬಂದು, ‘ಊರಾಗಿನ ನಾಯಿಗಳಿಗೊಂದು ಕಾಯಿದೆ ಬೇಕ್ರಿ. ಸಂಜಿಯೊಳಗ ಬರೀರಿ’ ಎಂದರು. ನಾಯಿಯ ಕಾಯಿದೆ ಹೇಗಿರುತ್ತದೆಂದು ನನ್ನ ಅಪ್ಪನೂ ಕಂಡವನಲ್ಲ. ಕಾರಕೂನನಾದವನು ಹೊಸದನ್ನು ಎಂದೂ ಬರೆಯುವುದಿಲ್ಲ, ಹಳೆಯದನ್ನು ಹುಡುಕಿ ನಕಲು ಮಾಡುತ್ತಾನೆ. ಕಪಾಟಿನಲ್ಲಿ ಸಿಕ್ಕಿದ್ದು ಕೊಂಡವಾಡೆಯ ಕಾಯಿದೆ, ಅಂದರೆ ಬೆಳೆ ಮೇಯ್ದ ದನಗಳನ್ನು ಹಿಡಿದು ಕೂಡುವ ದೊಡ್ಡಿಯದು. ‘ದನ’ ಇದ್ದಲ್ಲೆಲ್ಲ ‘ನಾಯಿ’ ಎಂದು ಬರೆದೆ. ನಾಯಿಗೆ ಮಾಲಕನಿರಬೇಕು, ಅವನು ರಜಿಸ್ಟರಿನಲ್ಲಿ ಸಹಿ ಮಾಡಬೇಕು, ನಾಯಿ ಮಾಡಿದ್ದಕ್ಕೆಲ್ಲ ಅವನೇ ಜವಾಬ್ದಾರ, ಕೊರಳಲ್ಲಿ ತಗಡಿನ ಬಿಲ್ಲೆ ಇರಬೇಕು. ಬಿಲ್ಲೆಯಿಲ್ಲದ್ದನ್ನು ಬಂಡಿಯಲ್ಲಿ ಹಾಕಿ ಊರ ಸರಹದ್ದಿನಾಚೆ ಬಿಡುವುದು. ಆರನೆಯ ಕಲಮು ಹೀಗಿತ್ತು: ಕೊಂಡವಾಡೆಯಿಂದ ಬಿಡಿಸಿಕೊಂಡು ಹೋಗುವವನನ್ನೇ ಮಾಲಕನೆಂದು ತಿಳಿಯತಕ್ಕದ್ದು. ಇದು ಏನೆಂದು ಯೋಚಿಸದೆ ಅದನ್ನೂ ಇಳಿಸಿದೆ. ರಜಿಸ್ಟರಿನ ಅಂಕಣಗಳೂ ಹಾಗೇ ಬಂದವು: ಬಣ್ಣ, ವಯಸ್ಸು, ಕೊಂಬಿನ ಆಕಾರ, ಹಾಲು ಕೊಡುತ್ತದೋ ಇಲ್ಲವೋ. ಸಾಹೇಬರು ಓದದೆ ಸಹಿ ಹಾಕಿದರು. ಹುಡಗಿ ಎಂಬ ಹಳ್ಳಿಯ ಒಬ್ಬ ಗೌಡರು ತಮ್ಮ ಬೇಟೆನಾಯಿಯನ್ನು ಬರೆಸಲು ಬಂದಾಗ ನಾನು ಕೊಂಬಿನ ಮುಂದೆ ‘ಇಲ್ಲ’ ಎಂದು ಬರೆದೆ. ‘ನಮ್ಮ ನಾಯಿಗಿ ಇಲ್ಲ ಅನ್ನೂದು ಒಂದೂ ಇಲ್ರಿ, ಅದನ್ನ ಹೊಡದು ಹಾಕ್ರಿ’ ಎಂದು ಅವರು ಅರ್ಧ ತಾಸು ನನ್ನ ಮೇಜು ಬಿಡಲಿಲ್ಲ. ಕೊನೆಗೆ ‘ಇನ್ನೂ ಬಂದಿಲ್ಲ’ ಎಂದು ತಿದ್ದಿದೆ. ಗೌಡರು ಸಂತೋಷದಿಂದ ಹೋದರು.

ಡಂಗುರ ಹೊಡೆಸಿದ್ದಾಯಿತು. ಬರುವ ಸಂತೆಯ ದಿನದೊಳಗೆ ಬಿಲ್ಲೆ ಕಟ್ಟಬೇಕು, ಇಲ್ಲವಾದರೆ ಬಂಡಿ. ಊರೆಲ್ಲ ಬಂದು ಬರೆಸಿತು, ನಮ್ಮ ಓಣಿಯ ನಾಯಿಯನ್ನು ಮಾತ್ರ ಯಾರೂ ಬರೆಸಲಿಲ್ಲ. ಅದಕ್ಕೆ ಅನ್ನ ಹಾಕುವವರು ಇಲ್ಲವೆಂದಲ್ಲ. ನಮ್ಮ ಮನೆಯಲ್ಲಿ ಹಂಚಿನಿಂದಿಳಿದ ಮೊದಲ ರೊಟ್ಟಿ ಅದಕ್ಕೆ, ಎರಡನೆಯದು ನನಗೆ. ನಮ್ಮಲ್ಲಿ ಅದರ ಹೆಸರು ರಾಜಾ. ಎದುರು ಮನೆಯ ಕಲಾಯಿಗಾರ ಇಮಾಮಸಾಬರಲ್ಲಿ ಅದು ಶೇರು. ಮೂಲೆಮನೆಯ ಮಲ್ಲವ್ವಾಯಿಯಲ್ಲಿ ಅದು ಮಲ್ಲಯ್ಯ. ಮೂರು ಹೆಸರಿಗೂ ಓಡಿ ಹೋಗುತ್ತಿತ್ತು, ಮೂರು ಊಟ ಮಾಡಿ ಯಾರಿಗೂ ಲೆಕ್ಕ ಹೇಳುತ್ತಿರಲಿಲ್ಲ.

ಮೊದಲು ಇಮಾಮಸಾಬರ ಹತ್ತಿರ ಹೋದೆ. ಊರಿನ ಬಿಲ್ಲೆಗಳನ್ನೆಲ್ಲ ಕತ್ತರಿಸುತ್ತಿದ್ದವರೇ ಅವರು. ತಗಡಿನ ರಾಶಿಯ ನಡುವೆ ಕೂತಿದ್ದರು, ನಾಯಿ ಅವರ ಮೆಟ್ಟಿಲ ಮೇಲೆ ನಿದ್ದೆಯಲ್ಲಿತ್ತು.

‘ಒಂದು ಸಹಿ ಮಾಡಿಬಿಡ್ರಿ ಇಮಾಮಸಾಬ’ ಎಂದೆ.

‘ತಿನ್ನಾಕ ಹಾಕೋದು ಸವಾಬಿನ ಕೆಲಸ ಅದ, ಪುಣ್ಯ ಬರ್ತದ. ಹಾಕಾಕತ್ತೀನಿ. ಖರೆ ಇದು ನನ್ನ ಮನೀದು ಅಂತ ಹ್ಯಾಂಗ ಬರೀಲಿ? ಕುತ್ತಾ ಇದ್ದ ಮನಿಗಿ ಫರಿಷ್ತೆ, ದೇವರ ದೂತರು, ಬರಾಂಗಿಲ್ಲ ಅಂತಾರ ನಮ್ಮಲ್ಲಿ.’ ಅವರು ಕತ್ತರಿ ಕೆಳಗಿಟ್ಟರು. ‘ಮತ್ತ ಇನ್ನೊಂದು ಮಾತು ಹೇಳ್ತೀನಿ ಕಾರಕೂನ ಸಾಹೇಬ್ರ. ಈ ವರ್ಷ ಸರಕಾರಿ ಕಾಗದದಾಗ ನನ್ನ ಹೆಸರು ಯಾವುದಕ್ಕೂ ಬರೋದು ಬ್ಯಾಡ್ರಿ.’

ಹಿಂದಿನ ವರ್ಷ ನಿಜಾಮರ ಆಳ್ವಿಕೆ ಮುಗಿದ ಹೊತ್ತಿನ ಗಲಭೆಯಲ್ಲಿ ನಮ್ಮ ಸೀಮೆಯ ಮುಸಲ್ಮಾನರಿಗೆ ಆದದ್ದನ್ನು ಕಂಡವನು ನಾನು. ತಲೆ ತಗ್ಗಿಸಿ ಎದ್ದು ಬಂದೆ.

ಮಲ್ಲವ್ವಾಯಿಯ ಮನೆದೇವರು ಮೈಲಾರ ಮಲ್ಲಣ್ಣ. ಆ ದೇವರ ಒಕ್ಕಲಿನವರಿಗೆ ನಾಯಿ ಎಂದರೆ ದೇವರ ಪರಿವಾರ. ಕಲ್ಲೆಸೆಯುವುದಿಲ್ಲ, ಹಗ್ಗ ಕಟ್ಟುವುದಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಆಕೆ, ‘ದೇವ್ರ ನಾಯಿಗಿ ನಾ ಮಾಲಕಳು ಅಂತ ಹೆಬ್ಬೆಟ್ಟು ಒತ್ತಲೇನೋ ತಮ್ಮಾ? ನಾಳಿಗಿ ಮಲ್ಲಣ್ಣ ಕನಸಿನಾಗ ಬಂದು, ಹಂಗಾರ ನಾ ಯಾರವ್ವಾ ಅಂತ ಕೇಳಿದ್ರ ಏನ್ ಹೇಳ್ಲಿ?’ ಎಂದಳು. ದೇವರು ಕೇಳಬಹುದಾದ ಪ್ರಶ್ನೆಗೆ ನನ್ನ ಕಾಯಿದೆಯಲ್ಲಿ ಉತ್ತರವಿರಲಿಲ್ಲ.

ಮನೆಗೆ ಬಂದರೆ ಗಂಗಾಬಾಯಿ ದಾರಿ ಕಾಯುತ್ತಿದ್ದಳು. ತಾನೇ ಬರೆಸಲು ಬೆಳಿಗ್ಗೆ ಕಚೇರಿಗೆ ಹೋಗಿದ್ದಳಂತೆ. ಅಲ್ಲಿದ್ದ ಇನ್ನೊಬ್ಬ ಕಾರಕೂನ ಗಂಡನ ಹೆಸರು ಹೇಳಿರಿ ಎಂದಿದ್ದಾನೆ. ಅವಳು ಮದುವೆಯಲ್ಲಿ ಹಾಡಿನೊಳಗೆ ಸೇರಿಸಿ ಒಮ್ಮೆ ಹೇಳಿದ್ದೇ ಕೊನೆ, ನನ್ನ ಹೆಸರನ್ನು ಬಾಯಲ್ಲಿ ತಂದವಳಲ್ಲ. ತೋರಿಸೋಣವೆಂದರೆ ನಾನು ಕುರ್ಚಿಯಲ್ಲಿರಲಿಲ್ಲ. ಸುಮ್ಮನೆ ಮರಳಿ ಬಂದಿದ್ದಳು. ‘ನೀವೇ ಬರದುಬಿಡ್ರಿ, ಕೈಯಾಗ ಲೇಖಣಿಕಿ ಅದ’ ಎಂದಳು.

ಬರೆಯಲು ನನಗೇನು ಧಾಡಿ? ಆದರೆ ಸಾಹೇಬರು ಪ್ರತಿ ಬಿಲ್ಲೆಯ ನಾಯಿಯನ್ನೂ ಮಾಲಕನ ಸಮೇತ ಕಣ್ಣಾರೆ ನೋಡುವವರಿದ್ದರು. ಅವರು ನಾಯಿಯನ್ನು ಗುರುತಿಸದಿದ್ದರೂ ನಾಯಿ ಅವರ ಪ್ಯಾಂಟನ್ನು ಗುರುತಿಸದೆ ಬಿಡುತ್ತಿರಲಿಲ್ಲ. ಪ್ಯಾಂಟು ಹರಿದ ನಾಯಿ ಕಾರಕೂನನದೇ ಎಂದು ತಿಳಿದರೆ ‘ಹಂಗಾಮಿ’ ಅಳಿಯುವುದಿರಲಿ, ಅದರ ಜೊತೆಗೆ ನಾನೂ ಅಳಿದುಹೋಗುತ್ತಿದ್ದೆ. ಇದನ್ನು ಹೆಂಡತಿಗೆ ಹೇಳಲಿಲ್ಲ. ‘ಕಾಯಿದಾ ಬರದಾಂವನೇ ನಾಯಿ ಸಾಕಬಾರದು, ಹಂಗ ನಿಯಮ ಅದ’ ಎಂದು ಸುಳ್ಳು ಹೇಳಿದೆ. ಸಂತೆಯ ದಿನ ಬಂಡಿ ಬಂತು. ಬಿದಿರಿನ ಜಾಲರಿಯೊಳಗೆ ಕಚೇರಿ ದಾರಿಯ ಹತ್ತು ಬಿಡಾಡಿ ನಾಯಿಗಳ ಜೊತೆ ನಮ್ಮದೂ ಸೇರಿ ಹನ್ನೊಂದಾದವು. ನಮ್ಮದು ಹಿಡಿಸಿಕೊಳ್ಳಲಿಲ್ಲ, ಯಾರೋ ಸವಾರಿಗೆ ಕರೆದರೆಂದು ತಾನೇ ಹತ್ತಿ ಕೂತಿತು. ಬಂಡಿ ತಿರುವಿನಲ್ಲಿ ಮರೆಯಾಗುವವರೆಗೂ ನನ್ನ ಕಡೆ ನೋಡಿ ಬಾಲ ಅಲ್ಲಾಡಿಸುತ್ತಿತ್ತು. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಆಮೇಲಿನ ದಿನಗಳನ್ನು ಏನೆಂದು ಹೇಳಲಿ. ಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ಬಿಟ್ಟರೆ ಬೇರೆ ಮಾತಿಲ್ಲ. ಮಲ್ಲವ್ವಾಯಿ ನನ್ನನ್ನು ಕಂಡರೆ ಸೆರಗು ಎಳೆದುಕೊಂಡು ಗೋಡೆಯನ್ನು ಮಾತಾಡಿಸುತ್ತಿದ್ದಳು. ಇಮಾಮಸಾಬರು ಸಲಾಮು ಮಾಡುತ್ತಿದ್ದರು, ಆದರೆ ಸಲಾಮಿನಲ್ಲಿ ಉಪ್ಪಿರಲಿಲ್ಲ. ಅಷ್ಟರಲ್ಲಿ ಊರಿನಲ್ಲಿ ಒಂದು ವಿಚಿತ್ರ ಶುರುವಾಯಿತು. ನಾಯಿಗಳು ಕಡಿಮೆಯಾಗಲಿಲ್ಲ. ಹೋದವುಗಳ ಬದಲು ಬಂದ ನಾಯಿಗಳು ಯಾರ ಪರಿಚಯವೂ ಇಲ್ಲದವು, ಕಂಡಕಂಡವರಿಗೆ ಬೊಗಳುತ್ತಿದ್ದವು. ಒಂದು ಸಂಜೆ ಅವೆಲ್ಲ ಸೇರಿ ಸಾಹೇಬರನ್ನು ಬಾವಿಯ ಕಟ್ಟೆ ಹತ್ತಿಸಿದವು. ಬಂಡಿಯ ಸಂಗಪ್ಪನನ್ನು ಕರೆಸಿ ಕೇಳಿದಾಗ ಅವನು ಮುಚ್ಚಿಡದೆ ಹೇಳಿದ.

‘ಕಲ್ಯಾಣದಾಗೂ ಇದೇ ಕಾಯಿದಾ ಮಾಡ್ಯಾರ್ರಿ. ಅವ್ರ ಬಂಡಿ ಈ ಕಡಿ ಬರತಿತ್ತು, ನಮ್ಮದು ಆ ಕಡಿ ಹೊಂಟಿತ್ತು. ನಡುವಿನ ರಾಜೇಶ್ವರದಾಗ ಮರದ ಬುಡಕ ಕೂಡಿ ಬುತ್ತಿ ಬಿಚ್ಚಿದ್ವಿ. ಇಬ್ಬರೂ ಪೂರ್ತಿ ಹಾದಿ ಯಾಕ ಹೋಗಬೇಕು, ಎತ್ತು ದಣೀತಾವ ಅಂತ ಜಾಲರಿ ಅದಲಿಬದಲಿ ಮಾಡ್ಕೊಂಡು ಹೊಳ್ಳಿದ್ವಿ. ನಮ್ಮ ನಾಯಿ ಸರಹದ್ದು ದಾಟ್ಯಾವಲ್ರಿ, ಕಾಯಿದಾ ಎಲ್ಲಿ ಮುರೀತು?’

ಬಸವಕಲ್ಯಾಣವನ್ನು ನಾವು ಆಗ ಬರೀ ಕಲ್ಯಾಣ ಎನ್ನುತ್ತಿದ್ದೆವು. ಅಲ್ಲಿಂದಲೂ ಅದೇ ದೂರಿನ ಕಾಗದ ಬಂತು: ನಿಮ್ಮ ಹನ್ನೊಂದು ನಾಯಿಗಳನ್ನು ಕೊಂಡವಾಡೆಯಲ್ಲಿ ಕೂಡಿದ್ದೇವೆ, ಒಯ್ಯಿರಿ, ನಮ್ಮವನ್ನು ಮರಳಿ ಕಳಿಸಿರಿ. ಸಾಹೇಬರು ನನ್ನನ್ನೇ ಕಳಿಸಿದರು. ಕಲ್ಯಾಣದ ನಾಯಿಗಳನ್ನು ಹಿಡಿಸಿ ಬಂಡಿಗೆ ತುಂಬಿಕೊಂಡು, ಸಂಗಪ್ಪನ ಪಕ್ಕದಲ್ಲಿ ನಸುಕಿನಲ್ಲಿ ಹೊರಟೆ. ದಾರಿಯುದ್ದಕ್ಕೂ ಅವು ನನ್ನ ಬೆನ್ನಿಗೆ ಬೊಗಳಿದವು. ಕಲ್ಯಾಣದ ಕೋಟೆ ಕಂಡ ಕೂಡಲೇ ಎಲ್ಲ ಒಮ್ಮೆಲೇ ಸುಮ್ಮನಾಗಿ ಮೂಗು ಮೇಲೆತ್ತಿದವು.

ಅಲ್ಲಿಯ ಕಾರಕೂನ ಬಸಲಿಂಗಪ್ಪ ನನ್ನ ವಯಸ್ಸಿನವನೇ. ಒಂದು ಗಾಬರಿ ನನಗಿತ್ತು: ಆ ದೊಡ್ಡಿಯಲ್ಲಿ ಕಲ್ಯಾಣದ ನಾಯಿಗಳೂ ಹಲವಿದ್ದವು, ನಮ್ಮೂರಿನವು ಯಾವುವು ಎಂದು ಗುರುತಿಸುವುದು ಹೇಗೆ? ಬಂಡಿಯಲ್ಲಿದ್ದವನ್ನು ಇಳಿಸಿಕೊಂಡು ಅವನು ದೊಡ್ಡಿಯ ಬಾಗಿಲು ತೆಗೆದ. ನಾನು ಗುರುತಿಸಬೇಕಾಗಲೇ ಇಲ್ಲ. ಮೊದಲು ಓಡಿ ಬಂದ ರಾಜಾ ಎರಡೂ ಮುಂಗಾಲುಗಳನ್ನು ನನ್ನ ಎದೆಯ ಮೇಲಿಟ್ಟು ಟೊಪ್ಪಿಗೆ ಕೆಡವಿ ಮುಖವೆಲ್ಲ ನೆಕ್ಕಿದ. ಹಿಂದೆಯೇ ಉಳಿದ ಹತ್ತೂ ಬಂದವು. ಊರಲ್ಲಿದ್ದಾಗ ದಿನವೂ ನನ್ನನ್ನು ಬೊಗಳಿ ಕಚೇರಿಗೆ ಅಟ್ಟುತ್ತಿದ್ದವು ಅವು. ಪರಸ್ಥಳದಲ್ಲಿ ನಮ್ಮೂರಿನವರೊಬ್ಬರು ಕಂಡರೆ ಹಳೆಯ ಜಗಳ ಮರೆತು ಅಪ್ಪಿಕೊಳ್ಳುತ್ತೇವಲ್ಲ, ಹಾಗೆ ಕುಂಯ್ ಕುಂಯ್ ಎನ್ನುತ್ತ ನನ್ನ ಕಾಲಿಗೆ ಸುತ್ತಿಕೊಂಡವು. ನಾನು ನಕ್ಕೆನೋ ಅತ್ತೆನೋ ನನಗೇ ತಿಳಿಯಲಿಲ್ಲ. ದೊಡ್ಡಿಯ ಮಣ್ಣಿನಲ್ಲಿ ಕೂತೇಬಿಟ್ಟೆ.

ಬಸಲಿಂಗಪ್ಪ ರಜಿಸ್ಟರು ತಂದ. ನೋಡಿದರೆ ಬಣ್ಣ, ವಯಸ್ಸು, ಕೊಂಬಿನ ಆಕಾರ. ‘ನಿಮ್ಮ ಕಾಯಿದಾದ ನಕಲು ತರಿಸಿ ಅಕ್ಷರಾ ಬಿಡದಂಗ ಇಳಿಸೀವ್ರಿ’ ಎಂದು ಹೆಮ್ಮೆಯಿಂದ ಹೇಳಿ ಆರನೆಯ ಕಲಮಿನ ಮೇಲೆ ಬೆರಳಿಟ್ಟ. ‘ಬಿಡಿಸಿಕೊಂಡು ಹೋಗಾಂವ ಮಾಲಕ ಅಂತ ಸಹಿ ಮಾಡಬೇಕ್ರಿ. ನೀವೇ ಬರದದ್ದು.’

ನಮ್ಮ ಕಚೇರಿಯ ಪರವಾಗಿ ಎಂದು ಹಾಕುತ್ತೇನೆ ಎಂದೆ. ಕಚೇರಿಗೆ ನಾಯಿ ಸಾಕಲು ಬರುವುದಿಲ್ಲವೆಂದ. ಸಂಗಪ್ಪನ ಕಡೆ ನೋಡಿದೆ, ಅವನು ಎತ್ತಿನ ಕೊಂಬು ಒರೆಸತೊಡಗಿದ್ದ. ಮೊದಲು ರಾಜಾನ ಮುಂದೆ ಸಹಿ ಹಾಕಿದೆ. ಹಾಕಿದ ಮೇಲೆ ಎದೆ ಹಗುರಾಯಿತು. ಉಳಿದ ಹತ್ತೂ ನನ್ನ ಮುಖವನ್ನೇ ನೋಡುತ್ತಿದ್ದವು. ಹೇಗೂ ನೌಕರಿ ಹೋಯಿತು, ಒಂದು ನಾಯಿಗಾದರೂ ಹೋಗುತ್ತದೆ, ಹನ್ನೊಂದಕ್ಕಾದರೂ ಹೋಗುತ್ತದೆ ಎಂದುಕೊಂಡು ಹನ್ನೊಂದು ಸಹಿ ಜಡಿದೆ. ಮರಳುವಾಗ ಜಾಲರಿ ಕಟ್ಟಲೇ ಇಲ್ಲ. ಅವು ಬಂಡಿಯ ಹಿಂದೆ ಮುಂದೆ ಓಡಿದವು, ನಾನು ಬಂಡಿಯ ಮೇಲೆ ನಿಂತು ಒಂದೊಂದನ್ನೂ ಹೆಸರಿಟ್ಟು ಕೂಗಿದೆ. ಸಂಗಪ್ಪ ಲಾವಣಿ ಎತ್ತಿದ, ನಾನು ದನಿಗೂಡಿಸಿದೆ, ನಾಯಿಗಳೂ ಸೇರಿಕೊಂಡವು. ರಾಜೇಶ್ವರದ ಜನ ಮದುವೆಯ ದಿಬ್ಬಣವೆಂದು ಬಾಗಿಲಿಗೆ ಬಂದು ನಿಂತಿದ್ದರು.

ಓಣಿಯಲ್ಲಿ ಆದ ಗದ್ದಲ ಹೇಳತೀರದು. ಇಮಾಮಸಾಬರು ಕೂತಲ್ಲೇ ಹನ್ನೊಂದು ಬಿಲ್ಲೆ ಕತ್ತರಿಸಿ, ತಗಡಿನ ಅಂಚು ಕೊರಳಿಗೆ ಚುಚ್ಚಬಾರದೆಂದು ಒಂದೊಂದನ್ನೂ ಉಜ್ಜಿ ನುಣುಪು ಮಾಡಿದರು. ಮಲ್ಲವ್ವಾಯಿ ನನಗೂ ನಾಯಿಗಳಿಗೂ ಸೇರಿಸಿ ಮಲ್ಲಣ್ಣನ ಅರಿಸಿನ ಭಂಡಾರ ಹಚ್ಚಿದಳು. ಗಂಗಾಬಾಯಿ ಬಹಳ ದಿನಗಳ ಮೇಲೆ ಮಾತಾಡಿದಳು. ‘ಇಷ್ಟು ಮಂದಿಗಿ ಹಿಟ್ಟು ಸಾಲಾಂಗಿಲ್ಲ’ ಎಂದಳು. ಅಷ್ಟು ಸಿಹಿಯಾದ ಬೈಗುಳ ನಾನು ಕೇಳಿರಲಿಲ್ಲ.

ಮರುದಿನ ಸಾಹೇಬರ ಮುಂದೆ ನಿಂತೆ. ಅವರು ಕೇಳುವ ಮೊದಲೇ ಹರಿದ ಪ್ಯಾಂಟಿನ ವಿಷಯ, ಬೇವಿನ ಮರ, ಮುರಿದ ಕಿವಿ, ಒಂದೂ ಬಿಡದೆ ಹೇಳಿದೆ. ಒಬ್ಬನೇ ನಕ್ಕಿದ್ದನ್ನು ಮಾತ್ರ ಹೇಳಲಿಲ್ಲ. ಸಾಹೇಬರು ಕಲ್ಯಾಣದಿಂದ ಬಂದ ರಜಿಸ್ಟರಿನ ಹಾಳೆಯನ್ನು ಮೇಲಿಂದ ಕೆಳಗೆ ಓದಿದರು. ಹನ್ನೊಂದು ಕಡೆ ನನ್ನ ಸಹಿ.

‘ಹನ್ನೊಂದಕ್ಕೂ ನೀವೇ ಜವಾಬ್ದಾರ?’

‘ಹೌದ್ರಿ.’

‘ನಿಮ್ಮನ್ನ ಮನಿಗೆ ಕಳಿಸಿದ್ರ ಇವಕ್ಕ ಹೊಟ್ಟಿಗೆ ಯಾರು ಹಾಕ್ತಾರ?’

ಅವರು ಪ್ಯಾಂಟಿನ ಹಿಂಭಾಗವನ್ನು ಒಮ್ಮೆ ತಡವಿಕೊಂಡು, ‘ಆ ಹನ್ನೊಂದೂ ಕೂಡಿ ನನ್ನ ಬೆನ್ನ ಹತ್ತತಾವ’ ಎಂದು ತಮಗೆ ತಾವೇ ಹೇಳಿಕೊಂಡು ನನ್ನ ಸೇವಾ ಪುಸ್ತಕ ತರಿಸಿದರು. ‘ಹಂಗಾಮಿ’ಯನ್ನು ಹೊಡೆದು ಹಾಕಿ ಕಾರಣ ಬರೆದರು. ಮುಂದೆ ಸೇವೆಯುದ್ದಕ್ಕೂ ಬಂದ ಹೊಸ ಸಾಹೇಬರೆಲ್ಲ ಆ ಪುಟ ತೆರೆದು ಓದುತ್ತಿದ್ದರು, ಕನ್ನಡಕ ಏರಿಸಿ ನನ್ನನ್ನು ನೋಡುತ್ತಿದ್ದರು, ಮತ್ತೆ ಓದುತ್ತಿದ್ದರು. ಅಲ್ಲಿ ಇದ್ದದ್ದು ಇಷ್ಟೇ: ‘ಈ ಕಾರಕೂನನನ್ನು ತೆಗೆದರೆ ಹನ್ನೊಂದು ನಾಯಿಗಳು ಅನಾಥವಾಗುತ್ತವೆ, ಆದಕಾರಣ ಖಾಯಂ ಮಾಡಲಾಗಿದೆ.’ ನನ್ನ ಕೆಲಸದ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ.